ಶಿಬಿರದ ಮರುದಿನ: ಸೈಕೆಡೆಲಿಕ್ ಸಸ್ಯಾನುಭವ, ದಿನಚರ್ಯೆ ಮತ್ತು ಪವಿತ್ರೀಕರಣದ ಪ್ರಶ್ನೆ

ಅಮೆಜಾನ್ ಅರಣ್ಯದ ಒಂದು ಬಳ್ಳಿಯನ್ನೂ ಮತ್ತೊಂದು ಗಿಡದ ಎಲೆಗಳನ್ನೂ ಕೂಡಿಸಿ ಗಂಟೆಗಟ್ಟಲೆ ಕುದಿಸಿ ತಯಾರಿಸುವ ಕಷಾಯಕ್ಕೆ ಅಯಹುವಾಸ್ಕ ಎಂದು ಹೆಸರು. ಅಲ್ಲಿನ ಮೂಲನಿವಾಸಿ ಜನಾಂಗಗಳು ಚಿಕಿತ್ಸೆಗೂ ವಿಧಿಗಳಿಗೂ ಬಳಸುತ್ತ ಬಂದ ಈ ಪಾನೀಯ ಇಂದು ಪೆರು, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಕೆಲವು ದಿನಗಳ ಶಿಬಿರಗಳಿಗೆ ಕೇಂದ್ರವಾಗಿದೆ. ಅಂಥ ಶಿಬಿರಗಳಿಂದ ಮರಳಿದವರು ತಾವು ಕಂಡ ದರ್ಶನಗಳನ್ನು ವರ್ಣಿಸುವುದುಂಟು. ಆದರೆ ದೇವಶಾಸ್ತ್ರದ ಗಮನಕ್ಕೆ ಹೆಚ್ಚು ಅರ್ಹವಾದುದು ಅವರ ಮಾತಿನ ಎರಡನೆಯ ಭಾಗ. ಕುಡಿತ ಬಿಟ್ಟೆ, ಬೆಳಗ್ಗೆ ಬೇಗ ಏಳುತ್ತಿದ್ದೇನೆ, ಮೊಬೈಲನ್ನು ಕೆಳಗಿಡಲು ಕಲಿತೆ, ತಂದೆಯೊಡನೆ ವರ್ಷಗಳ ಬಳಿಕ ಮಾತಾಡಿದೆ ಎಂದು ಅವರು ಹೇಳುತ್ತಾರೆ. ಈ ಮಾತುಗಳ ರಚನೆ ನಮಗೆ ಅಪರಿಚಿತವಲ್ಲ. ನಮ್ಮ ಉಜ್ಜೀವನ ಕೂಟಗಳಲ್ಲಿ ಎದ್ದು ನಿಂತು ಹೇಳುವ ಸಾಕ್ಷಿಯೂ ಹಿಂದಿನ ಬದುಕು, ಒಂದು ರಾತ್ರಿ, ಬದಲಾದ ಬದುಕು ಎಂಬ ಇದೇ ಕ್ರಮದಲ್ಲಿ ಸಾಗುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸಭೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ದೇಶದಾಚೆಯೂ ದುಡಿಯುತ್ತಿದ್ದಾರೆ. ಸಂಗೊಳ್ಳಿಯಂಥ ಊರಿನ ಮನೆಯ ಜಗುಲಿಗೂ ಈ ಮಾತು ಬಂದು ಮುಟ್ಟುವುದು ದೂರದ ಸಂಗತಿಯಲ್ಲ. ಅಂಥ ಒಬ್ಬ ಯುವಕ ಸಭಾಪಾಲಕರ ಮುಂದೆ ಕುಳಿತು, “ಪ್ರಾರ್ಥನೆಯಿಂದ ಬಿಡದ ಕುಡಿತ ಆ ಕಷಾಯದಿಂದ ಬಿಟ್ಟಿತು, ಇದನ್ನು ದೇವರ ಕೆಲಸವೆನ್ನಲೇ?” ಎಂದು ಕೇಳಿದರೆ ನಾವು ಕೊಡುವ ಉತ್ತರವೇನು? ಖಂಡಿಸಿ ಕಳುಹಿಸುವುದು ಸುಲಭ, ಬೆರಗಾಗಿ ಒಪ್ಪುವುದೂ ಸುಲಭ. ಸಸ್ಯಶಿಬಿರವು ದಿನಚರ್ಯೆಯನ್ನು ಬದಲಿಸುತ್ತದೆಂಬ ವಾದವನ್ನು ಅದರ ಅತ್ಯುತ್ತಮ ಆಧಾರಗಳೊಡನೆ ಎದುರಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಆಧಾರಗಳು ಸಸ್ಯಕ್ಕಿಂತ ಹೆಚ್ಚಾಗಿ ಅದರ ಹಿಂದುಮುಂದಿನ ಜೀವನಕ್ರಮದತ್ತ ಬೆರಳು ತೋರಿಸುತ್ತವೆ. ಮತ್ತು ಆ ಬೆರಳು ಕೊನೆಗೆ ನಮ್ಮ ಸಭೆಗಳತ್ತಲೂ ತಿರುಗುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

1. ವಾದ ಮತ್ತು ಅದರ ಆಧಾರಗಳು

ಮೊದಲು ಪ್ರಾಮಾಣಿಕವಾಗಿ ಒಪ್ಪಬೇಕಾದುದನ್ನು ಒಪ್ಪೋಣ. ಈ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಕೆಲವು ಜಾತಿಯ ಅಣಬೆಗಳಲ್ಲಿ ದೊರೆಯುವ ಸೈಲೊಸೈಬಿನ್ ಎಂಬ ದ್ರವ್ಯವನ್ನು ಬಳಸಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಸಣ್ಣ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದ 15 ಧೂಮಪಾನಿಗಳ ಪೈಕಿ 12 ಮಂದಿ ಆರು ತಿಂಗಳ ಬಳಿಕವೂ ಸಿಗರೇಟಿನಿಂದ ದೂರವಿದ್ದರು. 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಮದ್ಯವ್ಯಸನಿಗಳ ಮೇಲೆ ನಡೆದದ್ದು. 93 ಮಂದಿಯನ್ನೊಳಗೊಂಡ ಆ ಪರೀಕ್ಷೆಯಲ್ಲಿ, 32 ವಾರಗಳ ಅವಧಿಯಲ್ಲಿ ವಿಪರೀತ ಕುಡಿದ ದಿನಗಳ ಪ್ರಮಾಣ ಸೈಲೊಸೈಬಿನ್ ಪಡೆದವರಲ್ಲಿ ಶೇಕಡ 9.7 ಇದ್ದರೆ, ಹೋಲಿಕೆಗಾಗಿ ಬೇರೊಂದು ಔಷಧ ಪಡೆದವರಲ್ಲಿ ಶೇಕಡ 23.6 ಇತ್ತು. ಕುಡಿತದಿಂದ ನಲುಗಿದ ಮನೆಗಳನ್ನು ಬಲ್ಲ ಯಾವ ಸಭಾಪಾಲಕನೂ ಈ ಅಂಕೆಗಳನ್ನು ಹಗುರವಾಗಿ ಕಾಣಲಾರನು.

ಆದರೆ ಈ ಅಧ್ಯಯನಗಳನ್ನು ಅವು ನಡೆದ ಬಗೆಯೊಡನೆ ಓದಬೇಕು. ಧೂಮಪಾನದ ಅಧ್ಯಯನದಲ್ಲಿ ಹೋಲಿಕೆಗೆ ಮತ್ತೊಂದು ಗುಂಪು ಇರಲಿಲ್ಲ. ಭಾಗಿಗಳೆಲ್ಲರಿಗೂ ವಾರಗಟ್ಟಲೆ ಆಪ್ತಸಮಾಲೋಚನೆ ದೊರೆತಿತ್ತು. ಮದ್ಯವ್ಯಸನದ ಪರೀಕ್ಷೆಯಲ್ಲಿಯೂ ಎರಡೂ ಗುಂಪುಗಳಿಗೆ 12 ವಾರಗಳ ಮನೋಚಿಕಿತ್ಸೆ ನಡೆಯಿತು. 2018ರಲ್ಲಿ ಪ್ರಕಟವಾದ ಜಾನ್ಸ್ ಹಾಪ್ಕಿನ್ಸ್‌ನ ಬೇರೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 75 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ದ್ರವ್ಯದ ಪ್ರಮಾಣವನ್ನೂ ಧ್ಯಾನ ಮೊದಲಾದ ಆತ್ಮಿಕ ಅಭ್ಯಾಸಗಳಿಗೆ ಕೊಡುವ ಬೆಂಬಲವನ್ನೂ ಬೇರೆಬೇರೆಯಾಗಿ ಇಡಲಾಯಿತು. ಆರು ತಿಂಗಳ ನಂತರ ಹೆಚ್ಚಿನ ಬದಲಾವಣೆ ಕಂಡುಬಂದದ್ದು ಹೆಚ್ಚಿನ ಪ್ರಮಾಣದ ದ್ರವ್ಯವನ್ನೂ ಹೆಚ್ಚಿನ ಬೆಂಬಲವನ್ನೂ ಒಟ್ಟಿಗೆ ಪಡೆದವರಲ್ಲಿ. ಅನುಭವದ ತೀವ್ರತೆಯೂ ಅಭ್ಯಾಸದ ನಿಯಮಿತತೆಯೂ ಎರಡೂ ಕಾರಣವೆಂದು ಸಂಶೋಧಕರು ಸೂಚಿಸಿದರು. ಅನುಭವಕ್ಕೆ ಪಾಲಿಲ್ಲವೆಂದು ಹೇಳುವುದು ಈ ಆಧಾರಕ್ಕೆ ಅನ್ಯಾಯವಾದೀತು. ಅನುಭವವೊಂದೇ ಸಾಕೆನ್ನುವುದೂ ಅಷ್ಟೇ ಅನ್ಯಾಯ.

ಅಯಹುವಾಸ್ಕ ಶಿಬಿರಗಳ ಒಳಕ್ರಮವೂ ಇದನ್ನೇ ಹೇಳುತ್ತದೆ. ಕಷಾಯ ಕುಡಿಯುವ ಮೊದಲು ಹಲವು ದಿನ ‘ದಿಯೆತಾ’ ಎಂಬ ಪಥ್ಯವನ್ನು ಪಾಲಿಸಬೇಕು. ಮದ್ಯ, ಹಂದಿಮಾಂಸ, ಅತಿಯಾದ ಉಪ್ಪು ಸಕ್ಕರೆ, ಲೈಂಗಿಕ ಸಂಬಂಧ ಇವನ್ನು ತೊರೆಯಬೇಕು. ಅಂದರೆ ಬಟ್ಟಲು ತುಟಿಗೆ ತಾಗುವ ಮೊದಲೇ ಆ ಮನುಷ್ಯ ತನ್ನ ದಿನಚರ್ಯೆಯನ್ನು ಬದಲಿಸಿರುತ್ತಾನೆ, ಬದಲಿಸಬಲ್ಲೆನೆಂದು ತನಗೆ ತಾನೇ ತೋರಿಸಿಕೊಂಡಿರುತ್ತಾನೆ. ಉಪವಾಸವನ್ನು ಬಲ್ಲ ಕ್ರೈಸ್ತ ಪರಂಪರೆಗೆ ಇದು ಹೊಸ ಪಾಠವಲ್ಲ. ಶಿಬಿರದ ಪ್ರಚಾರವು ಈ ದಿನಗಳನ್ನು ಪೂರ್ವಸಿದ್ಧತೆಯೆಂದು ಕರೆದು ಬದಿಗಿಡುತ್ತದೆ. ನಾವು ಅವುಗಳನ್ನೇ ಮುಖ್ಯ ಪಠ್ಯವಾಗಿ ಓದಬಹುದು.

2. ಒಂದು ಶುಭ ಶುಕ್ರವಾರದ ಪ್ರಯೋಗ

ಈ ಚರ್ಚೆಯಲ್ಲಿ ಸೆಮಿನರಿಗಳಿಗೆ ವಿಶೇಷ ಸಂಬಂಧವಿರುವ ಒಂದು ಘಟನೆಯಿದೆ. 1962ರ ಏಪ್ರಿಲ್ 20, ಶುಭ ಶುಕ್ರವಾರದಂದು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನ ನೆಲಮಾಳಿಗೆಯಲ್ಲಿ 20 ಮಂದಿ ದೇವಶಾಸ್ತ್ರದ ವಿದ್ಯಾರ್ಥಿಗಳು ಕುಳಿತಿದ್ದರು. ಹತ್ತು ಮಂದಿಗೆ ಸೈಲೊಸೈಬಿನ್, ಉಳಿದ ಹತ್ತು ಮಂದಿಗೆ ಮೈ ಬಿಸಿಯೇರಿಸುವ ಸಾಮಾನ್ಯ ವಿಟಮಿನ್ ದ್ರವ್ಯ ಕೊಡಲಾಗಿತ್ತು. ಮೇಲಿನ ದೇವಾಲಯದಲ್ಲಿ ಹವರ್ಡ್ ಥರ್ಮನ್ ನಡೆಸುತ್ತಿದ್ದ ಆರಾಧನೆಯ ಧ್ವನಿ ಅವರಿಗೆ ಕೇಳುತ್ತಿತ್ತು. 1936ರಲ್ಲಿ ಭಾರತದಲ್ಲಿ ಗಾಂಧೀಜಿಯವರನ್ನು ಭೇಟಿಯಾಗಿ ಅಹಿಂಸೆಯನ್ನು ಕುರಿತು ಸಂವಾದ ನಡೆಸಿದ ಕರಿಯ ಬೋಧಕ ಥರ್ಮನ್ ಇವರೇ. ಪ್ರಯೋಗ ನಡೆಸಿದ ವಾಲ್ಟರ್ ಪ್ಯಾಂಕಿ, ಸೈಲೊಸೈಬಿನ್ ಪಡೆದವರಲ್ಲಿ ಹೆಚ್ಚಿನವರಿಗೆ ಅನುಭಾವಿಗಳು ವರ್ಣಿಸುವುದಕ್ಕೆ ಸಮೀಪವಾದ ಅನುಭವವಾಯಿತೆಂದು ವರದಿ ಮಾಡಿದರು. ಅಂದಿನಿಂದ ಇಂದಿನವರೆಗೆ ಈ ಪ್ರಯೋಗವನ್ನು, ಕೃಪೆಯನ್ನು ಗುಳಿಗೆಯಲ್ಲಿ ಕೊಡಬಹುದೆಂಬುದಕ್ಕೆ ಸಾಕ್ಷ್ಯವೆಂಬಂತೆ ಉಲ್ಲೇಖಿಸುತ್ತ ಬರಲಾಗಿದೆ.

ವಿಮರ್ಶಕನು ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಭಾಗಿಗಳು ಯಾರೋ ದಾರಿಹೋಕರಾಗಿರಲಿಲ್ಲ. ವರ್ಷಗಳಿಂದ ವೇದಪಾಠ, ಪ್ರಾರ್ಥನೆ, ಸೇವಾಕರೆಯ ವಿವೇಚನೆಗಳಲ್ಲಿ ತೊಡಗಿದ್ದ ವಿದ್ಯಾರ್ಥಿಗಳು ಅವರು. ಅವರ ಮುಂದಿದ್ದ ದಿನ ಶಿಲುಬೆಯ ದಿನ, ಕಿವಿಯಲ್ಲಿದ್ದ ಧ್ವನಿ ಸುವಾರ್ತೆಯದು. ದ್ರವ್ಯವು ಬಿದ್ದದ್ದು ಉತ್ತ ಹೊಲಕ್ಕೆ. ಎರಡನೆಯದು, ಸುಮಾರು ಕಾಲು ಶತಮಾನದ ಬಳಿಕ ರಿಕ್ ಡಾಬ್ಲಿನ್ ಆ ವಿದ್ಯಾರ್ಥಿಗಳನ್ನು ಹುಡುಕಿ 16 ಮಂದಿಯನ್ನು ಸಂದರ್ಶಿಸಿ 1991ರಲ್ಲಿ ಪ್ರಕಟಿಸಿದ ಲೇಖನ. ಸೈಲೊಸೈಬಿನ್ ಪಡೆದವರು ಆ ದಿನವನ್ನು ಮರೆತಿರಲಿಲ್ಲ, ತಮ್ಮ ಬದುಕಿಗೆ ಅದು ಒಳಿತನ್ನೇ ಮಾಡಿತೆಂದರು. ಮೂರನೆಯದನ್ನೂ ಬೆಳಕಿಗೆ ತಂದದ್ದು ಅದೇ ಲೇಖನ. ಅಂದು ಒಬ್ಬ ವಿದ್ಯಾರ್ಥಿ ತೀವ್ರ ಕ್ಷೋಭೆಗೊಳಗಾಗಿ ಹೊರಗೆ ಓಡಿದ್ದನು, ಅವನನ್ನು ಶಮನಗೊಳಿಸಲು ಔಷಧವನ್ನು ಚುಚ್ಚಬೇಕಾಯಿತು. ಆ ಚುಚ್ಚುಮದ್ದಿನ ಸಂಗತಿಯನ್ನು ಮೂಲ ವರದಿ ಹೇಳಿರಲಿಲ್ಲ.

ಈ ಮೂರನೆಯ ಅಂಶ ದೇವಶಾಸ್ತ್ರೀಯವಾಗಿ ಬಹಳ ಭಾರವಾದುದು. ಸಾಕ್ಷಿ ಹೇಳುವ ಸಂಸ್ಕೃತಿ ಯಾವಾಗಲೂ ಎದ್ದು ನಿಂತವರ ಮಾತನ್ನು ಕೇಳುತ್ತದೆ. ಓಡಿಹೋದವನ ಮಾತು ದಾಖಲೆಯಿಂದ ಬಿಟ್ಟುಹೋಗುತ್ತದೆ. ಕಳೆದುಹೋದ ಒಂದು ಕುರಿಯನ್ನು ಎಣಿಸುವ ಸುವಾರ್ತೆಗೆ ಈ ಬಗೆಯ ಲೆಕ್ಕ ಒಪ್ಪಿಗೆಯಾಗದು.

ಅಂದಿನ ಭಾಗಿಗಳಿಗೆ ಮಾರ್ಗದರ್ಶಕರಾಗಿದ್ದು ತಾವೂ ದ್ರವ್ಯ ಸೇವಿಸಿದ ಧರ್ಮಾಧ್ಯಯನದ ವಿದ್ವಾಂಸ ಹಸ್ಟನ್ ಸ್ಮಿತ್ ಮುಂದೆ ಒಂದು ಮುಖ್ಯ ಭೇದವನ್ನು ಗುರುತಿಸಿದರು. ಇಂಥ ದ್ರವ್ಯಗಳು ಧಾರ್ಮಿಕ ಅನುಭವಗಳನ್ನು ಉಂಟುಮಾಡಬಲ್ಲವು, ಆದರೆ ಧಾರ್ಮಿಕ ಜೀವನವನ್ನು ಉಂಟುಮಾಡುತ್ತವೆಯೆಂದು ಅಷ್ಟು ಸ್ಪಷ್ಟವಾಗಿ ಹೇಳಲಾಗದು ಎಂಬುದು ಅವರ ಮಾತಿನ ತಾತ್ಪರ್ಯ. ಅನುಭವವನ್ನು ಮೆಚ್ಚಿದವರೇ ಹೇಳಿದ ಕಾರಣ ಈ ಮಾತಿಗೆ ಹೆಚ್ಚಿನ ತೂಕವಿದೆ.

3. ಬದಲಾವಣೆಯನ್ನು ಹೊತ್ತು ನಡೆಯುವವರು

ಹಾಗಾದರೆ ಅನುಭವವು ಜೀವನವಾಗುವುದು ಎಲ್ಲಿ? ಎರಡು ಉದಾಹರಣೆಗಳು ಬೆಳಕು ಕೊಡುತ್ತವೆ.

ಬ್ರೆಜಿಲ್‌ನಲ್ಲಿ 1961ರಲ್ಲಿ ಜೋಸೆ ಗಬ್ರಿಯೆಲ್ ದ ಕೋಸ್ಟಾ ಸ್ಥಾಪಿಸಿದ ‘ಉನಿಯಾವ್ ದೊ ವೆಜೆತಾಲ್’ ಎಂಬ ಧಾರ್ಮಿಕ ಸಮುದಾಯವು ಅಯಹುವಾಸ್ಕವನ್ನು ತನ್ನ ಆರಾಧನೆಯಲ್ಲಿ ಬಳಸುತ್ತದೆ. ಅದರ ಬೋಧನೆಯಲ್ಲಿ ಕ್ರೈಸ್ತ ಅಂಶಗಳೂ ಬೆರೆತಿವೆ. 1993ರಲ್ಲಿ ಮನೌಸ್ ನಗರದಲ್ಲಿ ಈ ಸಮುದಾಯದ 15 ಮಂದಿ ದೀರ್ಘಕಾಲದ ಸದಸ್ಯರನ್ನು ವಿಜ್ಞಾನಿಗಳು ಅಧ್ಯಯನ ಮಾಡಿದರು. ಅವರಲ್ಲಿ ಹಲವರು ಹಿಂದೆ ಕುಡಿತಕ್ಕೆ ದಾಸರಾಗಿದ್ದವರು, ಈಗ ಅದನ್ನು ಪೂರ್ತಿ ಬಿಟ್ಟವರು. ಸಸ್ಯಶಿಬಿರಗಳ ಪರವಾದಿಗಳು ಇದನ್ನು ಆಗಾಗ ಉದಾಹರಿಸುತ್ತಾರೆ. ಆದರೆ ಈ ಸದಸ್ಯರು ಒಂದು ವಾರದ ಅತಿಥಿಗಳಲ್ಲ. ತಿಂಗಳಿಗೆ ಎರಡು ಬಾರಿ ವರ್ಷಗಳ ಕಾಲ ಒಟ್ಟಿಗೆ ಕೂಡಿದವರು. ಮದ್ಯವನ್ನು ನಿಷೇಧಿಸುವ, ಕುಟುಂಬನಿಷ್ಠೆಯನ್ನು ಬೇಡುವ ನೀತಿಗೆ ಒಳಪಟ್ಟವರು. ತಪ್ಪಿದರೆ ಕೇಳುವ ಹಿರಿಯರುಳ್ಳವರು. ಅಲ್ಲಿ ಕಷಾಯವನ್ನು ಸಮುದಾಯದಿಂದ ಬೇರ್ಪಡಿಸಿ ಫಲವನ್ನು ಅದೊಂದರ ಲೆಕ್ಕಕ್ಕೆ ಬರೆಯುವುದು ಅಸಾಧ್ಯ. ಶಿಬಿರದ ವ್ಯಾಪಾರವು ಆ ಬೇರ್ಪಡಿಕೆಯನ್ನೇ ಮಾಡುತ್ತದೆ. ಬಟ್ಟಲನ್ನು ಕೊಡುತ್ತದೆ, ಹಿರಿಯರನ್ನು ಕೊಡುವುದಿಲ್ಲ.

ಎರಡನೆಯ ಉದಾಹರಣೆ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಸಂಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರದು. 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ ಅವರಿಗೆ ಬೆಳಕಿನ ಅನುಭವವೊಂದಾಯಿತು. ಆಮೇಲೆ ಅವರು ಕುಡಿಯಲಿಲ್ಲ. ಆ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಭ್ರಾಂತಿಯನ್ನು ಉಂಟುಮಾಡಬಲ್ಲ ಬೆಲ್ಲಡೋನ ಎಂಬ ಸಸ್ಯದ ಸಾರವೂ ಸೇರಿತ್ತು. ಅವರು ಕಂಡ ಬೆಳಕು ದೇವರದೋ ಗಿಡದ್ದೋ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ಆದರೆ ನಿರ್ಣಾಯಕವಾದುದು ಐದು ತಿಂಗಳ ನಂತರದ ಘಟನೆ. 1935ರ ಮೇ ತಿಂಗಳಲ್ಲಿ ಆಕ್ರನ್ ನಗರದಲ್ಲಿ, ವ್ಯವಹಾರ ಸೋತು, ಹೋಟೆಲಿನ ಮದ್ಯದಂಗಡಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಿಂತಿದ್ದಾಗ ವಿಲ್ಸನ್ ತನ್ನ ಅನುಭವವನ್ನು ಮೆಲುಕುಹಾಕುತ್ತ ಕೂರಲಿಲ್ಲ. ಚರ್ಚುಗಳಿಗೆ ಫೋನ್ ಮಾಡಿ, ತನ್ನಂತೆಯೇ ಕುಡಿತದಲ್ಲಿ ಮುಳುಗಿದ ಇನ್ನೊಬ್ಬನನ್ನು ಹುಡುಕಿದರು. ಡಾಕ್ಟರ್ ಬಾಬ್ ಸ್ಮಿತ್ ಅವರೊಡನೆ ನಡೆದ ಆ ಮಾತುಕತೆಯಿಂದ ಸಂಘ ಹುಟ್ಟಿತು. ಮುಂದೆ ಸಂಘದ ಗ್ರಂಥದ ಎರಡನೆಯ ಮುದ್ರಣದಲ್ಲಿ ಹನ್ನೆರಡನೆಯ ಹೆಜ್ಜೆಯಲ್ಲಿದ್ದ ಆತ್ಮಿಕ ‘ಅನುಭವ’ ಎಂಬ ಪದವನ್ನು ‘ಜಾಗೃತಿ’ ಎಂದು ತಿದ್ದಿ, ಹೆಚ್ಚಿನವರಲ್ಲಿ ಬದಲಾವಣೆ ನಿಧಾನವಾಗಿಯೇ ಬರುತ್ತದೆಂಬ ವಿವರಣೆಯನ್ನು ಸೇರಿಸಲಾಯಿತು. 1956ರಲ್ಲಿ ವಿಲ್ಸನ್ ಎಲ್‌ಎಸ್‌ಡಿಯನ್ನು ಸೇವಿಸಿ ಅದರ ಬಗ್ಗೆ ಉತ್ಸಾಹ ತಾಳಿದರು. ಸಂಘ ಅದನ್ನು ತನ್ನ ಮಾರ್ಗವಾಗಿ ಸ್ವೀಕರಿಸಲಿಲ್ಲ. ಇಂದು ಲೋಕದ ಅನೇಕ ಊರುಗಳಲ್ಲಿ ಸಂಜೆ ಕೂಡುವ ಆ ಸಣ್ಣ ಗುಂಪುಗಳನ್ನು ನಡೆಸುತ್ತಿರುವುದು ಆಸ್ಪತ್ರೆಯ ಕೋಣೆಯ ಬೆಳಕಲ್ಲ, ಒಬ್ಬ ಕುಡುಕನು ಇನ್ನೊಬ್ಬನ ಮನೆಗೆ ಹೋಗುವ ಅಭ್ಯಾಸ.

4. ನಮ್ಮ ಸೀಮೆಯ ಪಾಠಗಳು

ಸಸ್ಯವೂ ಸಾಧನೆಯೂ ಕೂಡಿದ ಪ್ರಶ್ನೆ ಕನ್ನಡ ನಾಡಿಗೆ ಅಮೆಜಾನಿನಿಂದ ಆಮದಾದುದಲ್ಲ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ತೀರದ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವುದನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಉತ್ತರ ಕರ್ನಾಟಕದ ಅವಧೂತ, ಆರೂಢ ಪರಂಪರೆಗಳ ಕೆಲವು ನೆಲೆಗಳಲ್ಲಿಯೂ ಇಂಥ ಬಳಕೆಯಿದೆ. ಅಲ್ಲಿ ಸೊಪ್ಪಿಗೆ ಒಂದು ಸ್ಥಳ, ಒಂದು ಸಮಯ, ಒಂದು ಗುರುಪರಂಪರೆ ಎಂಬ ಬೇಲಿಯಿದೆ. ಇದೇ ಪರಂಪರೆಗಳ ನೆರೆಯಲ್ಲಿ ಬೆಳೆದ ಶಿಶುನಾಳ ಶರೀಫರು (1819–1889) ಒಂದು ಹೆಜ್ಜೆ ಮುಂದೆ ಹೋದರು. ಗುಡುಗುಡಿಯನ್ನು ಕುರಿತ ಅವರ ಪ್ರಸಿದ್ಧ ತತ್ವಪದದಲ್ಲಿ ಸೇದುವ ಸಾಮಗ್ರಿಯೆಲ್ಲ ಅಂತರಂಗದ ಸಾಧನೆಗೆ ರೂಪಕವಾಗುತ್ತದೆ. ಹೊಗೆಯಲ್ಲಿ ನಿಂತುಹೋಗುವವನಿಗೆ ಪದ ತೆರೆದುಕೊಳ್ಳುವುದಿಲ್ಲ. ವಸ್ತುವಿನಿಂದ ಬದುಕಿನತ್ತ ದಾಟಬೇಕೆಂಬ ಎಚ್ಚರ ಈ ನೆಲದೊಳಗೇ ಇದೆ. ಅದನ್ನು ಕ್ರೈಸ್ತರು ಹೊರಗಿನಿಂದ ತಂದುಕೊಡಬೇಕಾಗಿಲ್ಲ.

ನಮ್ಮ ಸಭೆಗಳ ನೆರೆಯಲ್ಲೇ ಇರುವ ಸವದತ್ತಿ ಯಲ್ಲಮ್ಮನ ಗುಡ್ಡವು ಬೇರೊಂದು ಪಾಠ ಹೇಳುತ್ತದೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸುತ್ತಲಿನ ಊರುಗಳಿಂದ ಜನ ಚಕ್ಕಡಿ ಕಟ್ಟಿಕೊಂಡು, ಇಂದು ಟ್ರ್ಯಾಕ್ಟರುಗಳಲ್ಲಿ, ಗುಡ್ಡಕ್ಕೆ ಹೋಗುತ್ತಾರೆ. ಅವರು ಯಾವ ಕಷಾಯವನ್ನೂ ಕುಡಿಯುವುದಿಲ್ಲ. ಆದರೂ ಆ ಯಾತ್ರೆ ಮನೆಯ ಕ್ರಮವನ್ನು ಹಿಡಿದಿಡುತ್ತದೆ. ಮಂಗಳವಾರ ಶುಕ್ರವಾರಗಳ ಆಚರಣೆ, ಪಡ್ಡಲಿಗೆ ತುಂಬಿಸುವ ವಿಧಿ, ನೆರೆಯವರನ್ನು ಕರೆದು ಉಣಬಡಿಸುವ ಪದ್ಧತಿ ಇವು ಜಾತ್ರೆಯನ್ನು ಅಡುಗೆಮನೆಗೆ ತರುತ್ತವೆ. ಅಭ್ಯಾಸವನ್ನು ಕಟ್ಟುವುದು ಪಂಚಾಂಗ ಮತ್ತು ಪಂಕ್ತಿ.

ಆದರೆ ಇಲ್ಲಿಯೇ ಒಂದು ಎಚ್ಚರವೂ ಬೇಕು. ಅಭ್ಯಾಸವನ್ನು ಕಟ್ಟಬಲ್ಲ ಸಮುದಾಯ ತಾನೇ ತಾನಾಗಿ ಒಳ್ಳೆಯದಾಗುವುದಿಲ್ಲ. ಇದೇ ಗುಡ್ಡದ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಅದನ್ನು ತಡೆಯಲು 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬೇಕಾಯಿತು. ಗಾಢವಾದ ಅನುಭವ, ಬಲವಾದ ಸಮುದಾಯ, ಬದಲಾಗದ ಅಭ್ಯಾಸ ಮೂರೂ ಕೂಡಿಯೂ ದುರ್ಬಲರನ್ನು ಬಂಧಿಸಬಹುದು. ಕ್ರೈಸ್ತ ಸಭೆಗಳ ಚರಿತ್ರೆಯೂ ಇದಕ್ಕೆ ಹೊರತಲ್ಲ. ಆದ್ದರಿಂದ ‘ಅಭ್ಯಾಸ ಬದಲಾಯಿತೇ?’ ಎಂಬ ಪ್ರಶ್ನೆಯ ನಂತರ ‘ಯಾರ ಹಿತಕ್ಕಾಗಿ ಬದಲಾಯಿತು?’ ಎಂಬ ಪ್ರಶ್ನೆ ಬರಲೇಬೇಕು.

5. ದೇವಶಾಸ್ತ್ರದ ಅಳತೆಗೋಲು

ಈ ವಿಷಯದಲ್ಲಿ ನಮ್ಮ ಬೋಧಕರು ಸಾಮಾನ್ಯವಾಗಿ ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ತೆರೆದು, ಶರೀರಭಾವದ ಕರ್ಮಗಳ ಪಟ್ಟಿಯಲ್ಲಿ ‘ಮಾಟ’ ಎಂದು ಅನುವಾದವಾಗಿರುವ ‘ಫಾರ್ಮಾಕೆಯಾ’ ಎಂಬ ಗ್ರೀಕ್ ಪದವನ್ನು ತೋರಿಸಿ ವಾದವನ್ನು ಮುಗಿಸುತ್ತಾರೆ. ಔಷಧ, ವಿಷ, ಮಂತ್ರತಂತ್ರ ಎಲ್ಲಕ್ಕೂ ಸಂಬಂಧಿಸಿದ ಆ ಪದವೊಂದರಿಂದ ಇಷ್ಟು ದೊಡ್ಡ ಪ್ರಶ್ನೆ ತೀರುವುದಿಲ್ಲ. ಅದೇ ಅಧ್ಯಾಯದ ಮುಂದಿನ ವಚನಗಳು ಹೆಚ್ಚು ಉಪಯುಕ್ತ. ಪವಿತ್ರಾತ್ಮನ ಫಲವೆಂದು ಪೌಲನು ಎಣಿಸುವ ಪ್ರೀತಿ, ದೀರ್ಘಶಾಂತಿ, ದಯೆ, ಸಾಧುತ್ವ ಮೊದಲಾದವುಗಳಲ್ಲಿ ಹೆಚ್ಚಿನವು ಇನ್ನೊಬ್ಬ ಮನುಷ್ಯನಿಲ್ಲದೆ ಅಭ್ಯಾಸ ಮಾಡಲಾಗದಂಥವು. ಬೇಗ ಏಳುವುದು, ಮಿತವಾಗಿ ಉಣ್ಣುವುದು, ಮೊಬೈಲು ಮುಟ್ಟದಿರುವುದು ಒಳ್ಳೆಯ ಸಂಗತಿಗಳೇ. ಆದರೆ ಅವು ನನ್ನನ್ನೇ ಇನ್ನಷ್ಟು ನಯವಾಗಿ ಸುತ್ತುವ ಅಭ್ಯಾಸಗಳಾಗಿ ಉಳಿಯಬಹುದು.

ಕೊರಿಂಥದ ಸಭೆಯ ಉದಾಹರಣೆ ಇಲ್ಲಿ ಅತ್ಯಂತ ನೇರವಾದುದು. ಆತ್ಮಿಕ ಅನುಭವಗಳಲ್ಲಿ ಆ ಸಭೆಗೆ ಕೊರತೆಯಿರಲಿಲ್ಲ. ಅನ್ಯಭಾಷೆಗಳೂ ಪ್ರಕಟನೆಗಳೂ ಧಾರಾಳವಾಗಿದ್ದವು. ಅಲ್ಲಿ ಬದಲಾಗದೆ ಉಳಿದದ್ದು ಊಟದ ಅಭ್ಯಾಸ. ಕರ್ತನ ಭೋಜನಕ್ಕೆ ಕೂಡಿದಾಗಲೂ ಉಳ್ಳವರು ತಮ್ಮ ಪಾಲನ್ನು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಪೌಲನು ಅವರ ಅನುಭವವನ್ನು ಸುಳ್ಳೆನ್ನಲಿಲ್ಲ. ಅದನ್ನು ಪಂಕ್ತಿಯ ಮುಂದೆ ನಿಲ್ಲಿಸಿ ಪರೀಕ್ಷಿಸಿದನು. ಪಂಚಾಶತ್ತಮದ ವೃತ್ತಾಂತವೂ ಇದೇ ದಿಕ್ಕಿನದು. ನೋಡಿದವರು ಶಿಷ್ಯರನ್ನು ಮದ್ಯಪಾನ ಮಾಡಿದವರೆಂದು ಹಾಸ್ಯ ಮಾಡುವಷ್ಟು ತೀವ್ರವಾದ ಆ ಅನುಭವ, ಅಧ್ಯಾಯದ ಕೊನೆಗೆ ದಿನದಿನವೂ ರೊಟ್ಟಿ ಮುರಿಯುವ, ಸ್ವತ್ತನ್ನು ಹಂಚಿಕೊಳ್ಳುವ ಕ್ರಮವಾಗಿ ನೆಲೆಗೊಳ್ಳುತ್ತದೆ.

ಜೊನಾಥನ್ ಎಡ್ವರ್ಡ್ಸ್ 1746ರಲ್ಲಿ ಪ್ರಕಟಿಸಿದ ಧಾರ್ಮಿಕ ಭಾವಗಳ ಕುರಿತಾದ ಗ್ರಂಥವು ಈ ವಿವೇಚನೆಗೆ ಕ್ರಮವನ್ನು ಒದಗಿಸುತ್ತದೆ. ತನ್ನ ಕಾಲದ ಉಜ್ಜೀವನದಲ್ಲಿ ಜನರು ನಡುಗಿದ್ದನ್ನೂ ಬಿದ್ದದ್ದನ್ನೂ ಕಂಡ ಎಡ್ವರ್ಡ್ಸ್, ದೇಹದ ಮೇಲಾಗುವ ಪರಿಣಾಮವು ಅನುಭವ ದೇವರಿಂದ ಬಂದದ್ದೆಂಬುದಕ್ಕೂ ಬಾರದ್ದೆಂಬುದಕ್ಕೂ ಗುರುತಾಗದೆಂದರು. ಅವರು ಕೊಟ್ಟ ಹನ್ನೆರಡು ಗುರುತುಗಳಲ್ಲಿ ಕೊನೆಯದೂ ಮುಖ್ಯವಾದುದೂ ಬಾಳಿನುದ್ದಕ್ಕೂ ನಡೆಯುವ ಕ್ರೈಸ್ತ ಆಚರಣೆ. ಈ ನ್ಯಾಯವನ್ನು ಎರಡೂ ಕಡೆಗೆ ಅನ್ವಯಿಸಬೇಕು. ಮಿದುಳಿನ ರಸಾಯನ ಬದಲಾಯಿತೆಂಬ ಕಾರಣಕ್ಕೆ ಅನುಭವವೊಂದನ್ನು ಅಲ್ಲಗಳೆಯಲಾಗದು; ಉಪವಾಸವೂ ಹಾಡೂ ಮಿದುಳನ್ನು ಬದಲಿಸುತ್ತವೆ. ಬೆಳಕು ಕಂಡಿತೆಂಬ ಕಾರಣಕ್ಕೆ ಅದನ್ನು ದೇವರದೆಂದು ಒಪ್ಪಲೂ ಆಗದು. ಕೃಪೆಯು ಯಾವ ಸಾಧನದಿಂದಲೂ ಬಲವಂತವಾಗಿ ಇಳಿಸಿಕೊಳ್ಳಬಹುದಾದ ವಸ್ತುವಲ್ಲ. ಹಣ ಕೊಟ್ಟು ಆ ಶಕ್ತಿಯನ್ನು ಕೊಳ್ಳಲು ಬಂದ ಸಮಾರ್ಯದ ಸೀಮೋನನಿಗೆ ಪೇತ್ರನು ಕೊಟ್ಟ ಉತ್ತರವನ್ನು ಶಿಬಿರದ ಶುಲ್ಕಪಟ್ಟಿಯ ಮುಂದೆ ನೆನೆಯುವುದು ಉಚಿತ. ನಮ್ಮ ಕೆಲವು ಕೂಟಗಳ ಕಾಣಿಕೆ ಲಕೋಟೆಗಳ ಮುಂದೆ ನೆನೆಯುವುದೂ ಅಷ್ಟೇ ಉಚಿತ.

6. ಸಭೆಯ ಮುಂದಿರುವ ಕೆಲಸ

ಈಗ ಆ ಯುವಕನ ಪ್ರಶ್ನೆಗೆ ಬರಬಹುದು. ಮೊದಲನೆಯದಾಗಿ, ಅಪಾಯವನ್ನು ಮುಚ್ಚಿಡದೆ ಹೇಳಬೇಕು. ಅಯಹುವಾಸ್ಕದ ಎಲೆಯಲ್ಲಿರುವ ಡಿಎಂಟಿ ದ್ರವ್ಯವು ಹೊಟ್ಟೆಯಲ್ಲಿ ಕರಗಿ ನಿಷ್ಫಲವಾಗದಂತೆ ಬಳ್ಳಿಯಲ್ಲಿರುವ ಇನ್ನೊಂದು ದ್ರವ್ಯ ತಡೆಯುತ್ತದೆ. ಈ ಎರಡನೆಯ ದ್ರವ್ಯವು ಖಿನ್ನತೆಗೆ ಕೊಡುವ ಹಲವು ಸಾಮಾನ್ಯ ಔಷಧಗಳೊಡನೆ ಸೇರಿದರೆ ಪ್ರಾಣಾಪಾಯವಾಗಬಹುದು. ಹೃದ್ರೋಗವಿರುವವರಿಗೂ, ತಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ತೀವ್ರ ಮನೋರೋಗವಿರುವವರಿಗೂ ಇದು ಅಪಾಯಕರ. ಭಾರತದಲ್ಲಿ ಡಿಎಂಟಿ ಮತ್ತು ಸೈಲೊಸೈಬಿನ್ 1985ರ ಮಾದಕ ದ್ರವ್ಯ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ವೈದ್ಯರ ಪರೀಕ್ಷಾಲಯದಲ್ಲಿ ಕಂಡ ಫಲವನ್ನು ಗುಟ್ಟಿನ ಶಿಬಿರದಲ್ಲಿ ನಿರೀಕ್ಷಿಸುವುದು ಸಲ್ಲದು. ಈ ಕಾರಣಗಳಿಗಾಗಿ ಸಭಾಪಾಲಕರು ಯಾರನ್ನೂ ಇಂಥ ಶಿಬಿರಕ್ಕೆ ಹೋಗಲು ಪ್ರೋತ್ಸಾಹಿಸಬಾರದು.

ಎರಡನೆಯದಾಗಿ, ಹೋಗಿ ಬಂದವನನ್ನು ಕಳೆದುಕೊಳ್ಳಬಾರದು. ಅವನ ಕುಡಿತ ನಿಂತಿದ್ದರೆ ಅದಕ್ಕಾಗಿ ದೇವರನ್ನು ಸ್ತುತಿಸಲು ನಾವು ಗಿಡದ ಅನುಮತಿ ಪಡೆಯಬೇಕಿಲ್ಲ. ಒಳ್ಳೆಯದೆಲ್ಲವೂ ಮೇಲಿನಿಂದಲೇ ಬರುತ್ತದೆಂದು ನಂಬುವವರು ನಾವು. ಆದರೆ ಅವನಿಗೆ ಸತ್ಯವನ್ನೂ ಹೇಳಬೇಕು. ಆ ರಾತ್ರಿ ಬಾಗಿಲು ತೆರೆದಿರಬಹುದು, ಮನೆಯಲ್ಲಿ ಬದುಕುವುದು ಇನ್ನು ಮೇಲಿನ ಕೆಲಸ. ಅನುಭವದ ಹೊಳಪು ಮಾಸಿದ ಬಳಿಕ, ಸಂಬಳದ ದಿನ, ಗೆಳೆಯರು ಕರೆದ ಸಂಜೆ ಅವನ ಜೊತೆಗಿರುವವರು ಯಾರು?

ಈ ಪ್ರಶ್ನೆಯ ಮುಂದೆ ನಮ್ಮ ಸಭೆಗಳು ತಲೆ ತಗ್ಗಿಸಬೇಕಾಗುತ್ತದೆ. ಮೂರು ದಿನಗಳ ಉಜ್ಜೀವನ ಕೂಟಕ್ಕೆ ಪೆಂಡಾಲು, ಧ್ವನಿವರ್ಧಕ, ಹೊರಗಿನ ಪ್ರಸಂಗಿ ಎಲ್ಲಕ್ಕೂ ಹಣ ಹೊಂದಿಸುತ್ತೇವೆ. ಕೊನೆಯ ರಾತ್ರಿ ಮುಂದೆ ಬಂದು ಮೊಣಕಾಲೂರಿದವರ ಹೆಸರುಗಳನ್ನು ಬರೆದುಕೊಳ್ಳುತ್ತೇವೆ. ಆ ಪಟ್ಟಿ ಹಿಡಿದು ಮುಂದಿನ ಮಂಗಳವಾರ ಮನೆಮನೆಗೆ ಹೋಗುವವರು ವಿರಳ. ಶಿಬಿರದ ವ್ಯಾಪಾರವನ್ನು ಕುರಿತು ಮೇಲೆ ಮಾಡಿದ ಆಕ್ಷೇಪ ಅಕ್ಷರಶಃ ನಮಗೂ ಸಲ್ಲುತ್ತದೆ. ಕರ್ನಾಟಕ ಸರ್ಕಾರ 2007ರ ಜುಲೈಯಿಂದ ಸಾರಾಯಿಯನ್ನು ನಿಷೇಧಿಸಿದಾಗ ಅಂಗಡಿ ಮುಚ್ಚಿತು, ಕುಡಿತ ಬೇರೆ ಬಾಟಲಿಯನ್ನು ಹುಡುಕಿಕೊಂಡಿತು. ಕಾನೂನಿನಿಂದಾಗದ, ಒಂದು ರಾತ್ರಿಯ ಅನುಭವದಿಂದಲೂ ಆಗದ ಕೆಲಸವೊಂದು ಉಳಿದೇ ಇದೆ.

ಅದನ್ನು ಮಾಡುವ ವಿಧಾನ ನಮ್ಮ ಪರಂಪರೆಯಲ್ಲಿದೆ. ಜಾನ್ ವೆಸ್ಲಿಯವರು 1738ರ ಮೇ 24ರ ಸಂಜೆ ತಮ್ಮ ಹೃದಯ ಬೆಚ್ಚಗಾದ ಅನುಭವವನ್ನು ದಿನಚರಿಯಲ್ಲಿ ದಾಖಲಿಸಿದರು. ಆದರೆ ಆ ಚಳವಳಿಯನ್ನು ಉಳಿಸಿದ್ದು 1742ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭವಾದ, ಸುಮಾರು ಹನ್ನೆರಡು ಮಂದಿಯ ವಾರದ ಗುಂಪುಗಳು. ಚಾಪೆಲ್ ಕಟ್ಟಡದ ಸಾಲ ತೀರಿಸಲು ಮನೆಮನೆಗೆ ಹೋಗಿ ಒಂದೊಂದು ಪೆನ್ನಿ ಸಂಗ್ರಹಿಸಲು ಹುಟ್ಟಿದ ವ್ಯವಸ್ಥೆ ಅದು. ಹೋದವರಿಗೆ ಕುಡಿದ ಗಂಡ, ಹಸಿದ ಮಕ್ಕಳು, ಜಗಳ ಎಲ್ಲವೂ ಕಣ್ಣಿಗೆ ಬಿದ್ದವು. ಹಣ ಸಂಗ್ರಹವು ಆತ್ಮಗಳ ಆರೈಕೆಯಾಯಿತು. ನಮ್ಮ ಪ್ರತಿಯೊಂದು ಸಭೆಯೂ ಇಂಥ ಒಂದು ಗುಂಪಿನಿಂದ ಆರಂಭಿಸಬಹುದು. ವಾರಕ್ಕೊಮ್ಮೆ ಒಂದು ಗಂಟೆ, ಐದಾರು ಮಂದಿ, ಕಳೆದ ವಾರ ಹೇಗಿದ್ದೆವೆಂಬ ನೇರವಾ‌ದ ಪ್ರಶ್ನೆ, ಕೊನೆಗೆ ಪ್ರಾರ್ಥನೆ ಮತ್ತು ಒಂದು ಲೋಟ ಚಹಾ. ಬಾರದವನ ಮನೆಗೆ ಮರುದಿನ ಒಬ್ಬರು ಹೋಗಬೇಕು. ಸೆಮಿನರಿಗಳ ಪಾಠಕ್ರಮದಲ್ಲಿ ಪ್ರಸಂಗ ಕಲೆಗೆ ಕೊಡುವಷ್ಟು ಸಮಯವನ್ನು ಈ ಕೆಲಸದ ತರಬೇತಿಗೂ ಕೊಡುವುದು ನ್ಯಾಯ.

ರೂಪಾಂತರದ ಬೆಟ್ಟದ ಮೇಲೆ ಪೇತ್ರನು ಮೂರು ಪರ್ಣಶಾಲೆಗಳನ್ನು ಕಟ್ಟಿ ಅಲ್ಲೇ ಉಳಿಯಬಯಸಿದನು. ಲೂಕನ ಸುವಾರ್ತೆಯಲ್ಲಿ ಮರುದಿನ ಅವರು ಬೆಟ್ಟದಿಂದ ಇಳಿದುಬಂದಾಗ ಎದುರಾದವನು ರೋಗಪೀಡಿತನಾದ ಮಗನ ತಂದೆ; ಅವನ ದೂರು, ಶಿಷ್ಯರಿಂದ ಏನೂ ಆಗಲಿಲ್ಲವೆಂಬುದು. ಶಿಬಿರದಿಂದ ಮರಳಿದ ಯುವಕನೂ ಕೂಟ ಮುಗಿಸಿ ಮನೆಗೆ ಹೋದ ನಾವೂ ಆ ಮರುದಿನದಲ್ಲಿಯೇ ಇದ್ದೇವೆ. ಅವನಿಗೆ ಕೊಡಬೇಕಾದ ಉತ್ತರದ ಮೊದಲ ವಾಕ್ಯ, ಈ ವಾರ ಯಾವ ದಿನ ಕೂಡೋಣ ಎಂಬುದೇ ಆಗಿರಲಿ.